ಉಗುರಿನ ಕಪ್ಪು

ನನ್ನ ಬಾಲ್ಯಕ್ಕೆ ವಾರ್ನಿಶಿನ ವಾಸನೆ. ಸವಣೂರಿನ ಪೀರಸಾಬರು ತಮ್ಮ ಗ್ಯಾರೇಜಿನಲ್ಲಿ ಮೋಟರಿನ ಕಾಯಿಲುಗಳಿಗೆ ತಾಮ್ರದ ತಂತಿ ಸುತ್ತಿ, ವಾರ್ನಿಶಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಡಾಕ್ಟರಾಗಿದ್ದ ಅಪ್ಪನ ಕಾರು ಕೆಟ್ಟಾಗಲೆಲ್ಲ ನಾನೂ ಹೋಗುತ್ತಿದ್ದೆ. ನನ್ನ ಫ್ರಾಕು ಕೊಳೆಯಾಗದಿರಲೆಂದು ಅವರು ಸ್ಟೂಲಿನ ಮೇಲೆ ಪೇಪರು ಹಾಸುತ್ತಿದ್ದರು. ಅಲ್ಲಿ ಕೂತು ನೋಡುತ್ತಲೇ ನಾನು ಕಾರಿನ ಕೆಲಸ ಕಲಿತೆ.

ನಾನು ಎಂ.ಎಸ್ಸಿ. ಮುಗಿಸಿದ ವರ್ಷ, ೧೯೭೯ರಲ್ಲಿ, ಹಾನಗಲ್ಲಿನ ಮಧ್ವೇಶ ತನ್ನ ಸೋದರತ್ತೆ, ಮನೆಯವರ ಜೊತೆ ನನ್ನನ್ನು ನೋಡಲು ಬಂದ. ಬೆಳಿಗ್ಗೆ ಅಪ್ಪನ ಕಾರಿನ ಬೆಲ್ಟು ಬಿಗಿ ಮಾಡಿದ್ದೆ. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಅವಲಕ್ಕಿ ತಟ್ಟೆ ಕೊಟ್ಟೆ. ಅವನ ಕಣ್ಣು ನನ್ನ ಮುಖದ ಮೇಲೆ ನಿಂತು, ನಾನಿನ್ನೇನು ನಾಚಬೇಕು ಅನ್ನುವಾಗ ಬೆರಳಿಗಿಳಿಯಿತು. ತಟ್ಟೆಯನ್ನು ಮುಟ್ಟಿಯೂ ಮುಟ್ಟದಂತೆ ಪಕ್ಕಕ್ಕೆ ಸರಿಸಿದ.

ಆಮೇಲೆ ಅವರ ಕಡೆಯಿಂದ ಮಾತು ಬಂತು: "ನಮಗ ಹುಡುಗಿ ಬೇಕಾಗಿತ್ತು, ಮೆಕ್ಯಾನಿಕ್ ಅಲ್ಲ."

ಅಂದಿನಿಂದ ನನ್ನ ಕನಸಿನಲ್ಲಿ ಅವನ ಕಾರು ಎಷ್ಟೋ ಸಲ ನಡುದಾರಿಯಲ್ಲಿ ಕೆಟ್ಟಿತು. ನಾನು ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹಾದು ಹೋದೆ. ಕನಸಿನಲ್ಲೂ ಆ ಕಣ್ಣುಗಳು ಚೆಂದವಾಗಿಯೇ ಇರುತ್ತಿದ್ದವು. ಅದಕ್ಕೂ ಸಿಟ್ಟು.

ಕೆಲವು ವರ್ಷಗಳ ಮೇಲೆ ಒಂದು ದ್ವಾದಶಿಯ ಬೆಳಿಗ್ಗೆ, ಗದಗದಿಂದ ಹಾನಗಲ್ಲಿಗೆ ಹೊರಟಿದ್ದ ಕಾರೊಂದು ನಮ್ಮ ಮನೆ ಮುಂದೆ ಕೆಮ್ಮಿ ನಿಂತಿತು. ಇಳಿದವನು ಮಧ್ವೇಶ. ಹಣೆಯಲ್ಲಿ ಗೋಪೀಚಂದನ, ಮುಖದಲ್ಲಿ ಏಕಾದಶಿಯ ಹಸಿವು. ಹೊತ್ತು ಮೀರುವುದರೊಳಗೆ ಮನೆ ಸೇರಿ ಉಪವಾಸ ಬಿಡಬೇಕಿತ್ತು.

"ಕೆಂಪು ದೀಪ ಹತ್ತೇದ. ಬ್ಯಾಟರಿ ಹೋಗಿರಬೇಕ್ರಿ."

"ಬ್ಯಾಟರಿ ಸ್ಟಾರ್ಟ್ ಮಾಡ್ಲಿಕ್ಕೆ. ಆಮ್ಯಾಲೆ ಎಂಜಿನ್ನು ಬೆಲ್ಟ್ ತಿರಗಸ್ತದ, ಬೆಲ್ಟು ಆಲ್ಟರ್ನೇಟರ್ ತಿರಗಸ್ತದ. ಅದರೊಳಗ ಅಯಸ್ಕಾಂತ ತಿರಗಿದ್ರ ಸುತ್ತಲಿನ ತಂತಿಯಾಗ ಕರೆಂಟ್ ಹುಟ್ತದ. ಗಾಡಿ ನಡಸೂದು, ಬ್ಯಾಟರಿ ತುಂಬೂದು ಎರಡೂ ಅದರ ಕೆಲಸ. ತುಂಬೂದು ನಿಂತದ, ಅದಕ್ಕ ದೀಪ."

"ಶಿಗ್ಗಾಂವಿ ಕಾಲೇಜಿನಾಗೂ ಹಿಂಗ ಪಾಠ ಮಾಡ್ತೀರೇನು?"

"ಅಲ್ಲೆ ಹುಡುಗ್ರು ನಡುವ ಬಾಯಿ ಹಾಕೂದಿಲ್ಲ."

ನಾನು ಪಾಠ ಮಾಡುವ ಕಾಲೇಜು ಇವನಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಬಾನೆಟ್ ಎತ್ತಿದೆ. ಸುಟ್ಟ ವಾರ್ನಿಶಿನ ವಾಸನೆ ಮುಖಕ್ಕೆ ಹೊಡೆಯಿತು. ಆಲ್ಟರ್ನೇಟರಿನೊಳಗಿನ ಕಾಯಿಲ್ ಸುಟ್ಟುಹೋಗಿತ್ತು.

ಎಂಥ ಅವಕಾಶ. ಅಪ್ಪನ ಕಾರಿನಿಂದ ಅವನ ಬ್ಯಾಟರಿಗೆ ಒಂದಿಷ್ಟು ಕರೆಂಟ್ ತುಂಬಿದರೆ ಗಾಡಿ ಬಂಕಾಪುರ ದಾಟಿ, ನೆರಳೂ ಇಲ್ಲದ ಕಡೆ ನಿಲ್ಲುತ್ತದೆ. ಬೇಕಾದರೆ ಅಲ್ಲಿನ ಹೊಲಗಳ ನವಿಲು ಎಣಿಸಲಿ. 'ಹೋಗ್ರಿ, ಏನೂ ಆಗೂದಿಲ್ಲ' ಎಂಬ ಮಾತು ತುಟಿಗೆ ಬಂದಿತ್ತು.

ಬದಲಿಗೆ ಕೇಳಿದೆ: "ಅವತ್ತು ಆ ಮೆಕ್ಯಾನಿಕ್ ಮಾತು ಅಂದವರು ನಿಮ್ಮ ಅತ್ತಿ ಅಲ್ಲೇನು?"

ಅವನು ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇಟ್ಟಿದ್ದೆ.

"ಇಲ್ರಿ, ನಾನ ಅಂದೆ," ಎಂದ. "ಮನಿಯವರನ್ನ ನಗಸ್ಲಿಕ್ಕೆ. ಅವರು ನಕ್ರು. ಆಮ್ಯಾಲೆ ಎಲ್ಲೆ ಹುಡುಗಿ ನೋಡ್ಲಿಕ್ಕೆ ಹೋದ್ರೂ ಮೊದಲ ಉಗುರು ನೋಡ್ತೇನಿ. ಎಲ್ಲಾರವೂ ಬೆಳ್ಳಗ ಅವ."

ಬಂಕಾಪುರದ ಯೋಚನೆ ಬಿಟ್ಟೆ. ಅದಕ್ಕಿಂತ ಒಳ್ಳೆಯದು ಹೊಳೆದಿತ್ತು. ಬೋಲ್ಟು ಬಿಚ್ಚುವ ಪಾನಾ ತಂದು ಅವನ ಕೈಗಿಟ್ಟೆ.

"ತೋಳು ಏರಸ್ರಿ. ಆಲ್ಟರ್ನೇಟರ್ ನೀವ ಬಿಚ್ಚಬೇಕು. ಮೊದಲ ಬ್ಯಾಟರಿ ವಾಯರು."

ನಾನು ಕಟ್ಟೆಯ ಮೇಲೆ ಕೂತೆ. ಅವನು ಬೆವರಿದ, ಬೆರಳು ತರಚಿಕೊಂಡ, ಒಂದು ಬೋಲ್ಟನ್ನಂತೂ ತಿರುವು ತಪ್ಪಿ ಇನ್ನಷ್ಟು ಬಿಗಿ ಮಾಡಿದ. ಬಿಚ್ಚಿ ಮುಗಿಯುವಾಗ ಅಂಗಿಯ ಬಿಳುಪು ಎಲ್ಲೂ ಉಳಿದಿರಲಿಲ್ಲ. ನನಗೆ ಬಹಳ ಹಿತವಾಯಿತು. ಇಂದಿಗೂ ನೆನೆದರೆ ಹಿತವೇ.

"ರಿಪೇರಿ ಆಗೂದಿಲ್ಲೇನ್ರಿ?"

"ಬ್ರಶ್ ಸವದಿದ್ರ ಬ್ರಶ್, ಬೇರಿಂಗ್ ಕೂಗಿದ್ರ ಬೇರಿಂಗ್ ಹಾಕಿದ್ರ ಸಾಕು. ಒಳಗ ಸುಟ್ಟ ವಾಸನಿ ಬಂದ್ರ ಬದಲಿ ಮಾಡೂದ. ಪೀರಸಾಬರ ಕಡೆ ಇರ್ತದ, ಹೊತ್ತಾಗ್ತದ."

"ಮನಷ್ಯಾಗೂ ಹಂಗ ಏನ್ರಿ?"

"ವಾಸನಿ ಇನ್ನೂ ನೋಡ್ಲಿಕ್ಕತ್ತೇನಿ."

ಅವನು ನಕ್ಕ. ನಾನು ಬೇರೆ ಕಡೆ ನೋಡಿದೆ, ಸ್ವಲ್ಪ ತಡವಾಗಿ.

ಒಳಗಿಂದ ಅವ್ವ ಬಂದಳು. ಉಪವಾಸ ಬಿಡುವ ಹೊತ್ತು ಮೀರುತ್ತಿತ್ತು. ಎರಡು ತಟ್ಟೆ: ಅನ್ನ, ಹೆಸರುಬೇಳೆ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ. ನೀರು ಮುಟ್ಟಿದರೂ ಮೈಲಿಗೆ ಎನ್ನುವವಳು, ಆ ಎಣ್ಣೆಗೈ ನೋಡಿಯೂ ನೋಡದವಳಂತೆ ತಟ್ಟೆಗಳನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಅವನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಕೈ ತೊಳೆದ. ಉಗುರಿನ ಕಪ್ಪು ಹೋಗಲಿಲ್ಲ. ಅದನ್ನೇ ಒಂದು ಗಳಿಗೆ ನೋಡಿ, ಒಂದು ತಟ್ಟೆ ಎತ್ತಿ ನನ್ನ ಮುಂದೆ ಹಿಡಿದ.

ಪಕ್ಕಕ್ಕೆ ಸರಿಸಬಹುದಿತ್ತು. ಅದು ಅವನಿಗೂ ಗೊತ್ತಿತ್ತು. ಅನ್ನದ ಹಬೆ ಇಳಿಯುವ ತನಕ ಅವನನ್ನು ಹಿಡಿದುಕೊಂಡೇ ನಿಲ್ಲಲು ಬಿಟ್ಟೆ. ಆಮೇಲೆ, ಆ ಕಪ್ಪು ಉಗುರುಗಳಿಗೆ ನನ್ನ ಬೆರಳು ತಾಕುವ ಹಾಗೆಯೇ, ತಟ್ಟೆ ತೆಗೆದುಕೊಂಡೆ.