ಒಡೆಲಿನ್‌ಳ ಬಾಗಿಲಿಗೆ ಗಾರೆ

ನಾನು ಸತ್ತೆನೆಂದು ಊರಿಗೆ ಸುದ್ದಿ ಮುಟ್ಟಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಪರವೂರಿನ ಇಗರ್ಜಿ ಕೆಲಸದಲ್ಲಿ ಅಟ್ಟಣೆಯಿಂದ ಬಿದ್ದು ಸತ್ತವನು ನನ್ನದೇ ಹೆಸರಿನ ಬೇರೊಬ್ಬ ರೆನೊ. ನಾನು ಕಾಲು ಕೂಡ ಉಳುಕದೆ ಮರಳುವಷ್ಟರಲ್ಲಿ, ನನ್ನನ್ನು ಮದುವೆಯಾಗಬೇಕಿದ್ದ ಒಡೆಲಿನ್ ನನ್ನ ಆತ್ಮದ ಶಾಂತಿಗೆಂದು ಬಿಷಪ್ಪರ ಮುಂದೆ ಮಾತು ಕೊಟ್ಟಾಗಿತ್ತು: ನಮ್ಮೂರ ಇಗರ್ಜಿಯ ಗೋಡೆಗಂಟಿದ ಕೋಣೆ ಸೇರಿ, ಬಾಗಿಲಿಗೆ ಕಲ್ಲು ಕಟ್ಟಿಸಿಕೊಂಡು, ಅನ್ನನೀರಿಗೂ ಇಗರ್ಜಿಯೊಳಕ್ಕೆ ಕೊರೆದ ಒಂದೇ ಕಿಂಡಿಯನ್ನು ನಂಬಿ, ಸಾಯುವ ತನಕ ಪ್ರಾರ್ಥನೆ. ಅಂಥ ಮಾತನ್ನು ಹಿಂದೆಗೆಯುವ ಹಾಗಿಲ್ಲ.

ಆ ಕಲ್ಲು ಕಟ್ಟಲು ಮೇಸ್ತ್ರಿ ಕಳಿಸಿದ್ದು ನನ್ನನ್ನೇ. ಬೇರೆಯವರ ಕೈಗೆ ಬಿಡಲು ನನಗೂ ಮನಸ್ಸಾಗಲಿಲ್ಲ.

ಪಾದ್ರಿಗಳು ಬದುಕಿದ್ದವಳಿಗೇ ಸತ್ತವರ ಪ್ರಾರ್ಥನೆ ಹೇಳಿ ಊಟಕ್ಕೆ ಹೋದರು. ಹೊರಗೆ ನಾನು, ಒಳಗೆ ಅವಳು.

"ತೆಳ್ಳಗಾಗಿದ್ದೀಯ," ಎಂದಳು.

"ಸತ್ತೋನು ದಪ್ಪ ಆಗ್ತಾನಾ?"

ಫಕ್ಕನೆ ನಕ್ಕು, ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿಕೊಂಡು, ಕಣ್ಣಂಚಿನಲ್ಲಿ ನನ್ನನ್ನೇ ನೋಡಿದಳು. ನನ್ನ ಕೈಲಿದ್ದ ಕರಣೆ ನಿಂತೇ ಹೋಯಿತು.

"ಒಳಗಿನ ಕಿಂಡೀಲಿ ನಾನು ಕಾಣ್ತೀನಾ?"

"ಬಲಿಪೀಠ ಮಾತ್ರ ಕಾಣುತ್ತೆ. ಕಿಂಡಿ ಕೊರೆದೋರು ನಿನ್ನ ಕೇಳಿ ಕೊರೀಲಿಲ್ಲ ಕಣೋ."

ನಮ್ಮ ಇಗರ್ಜಿಯ ಕೆಲಸ ಶುರುವಾದದ್ದು ಅಜ್ಜನ ಕಾಲದಲ್ಲಿ, ಅವಳ ಕೋಣೆಯಿರುವ ಬಲಿಪೀಠದ ಕಡೆಯಿಂದ. ಅಲ್ಲಿ ಚೂಪು ಕಮಾನುಗಳು ಮುಗಿದು, ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಕಲ್ಲಿನ ತೋಳುಗಳೂ ಎದ್ದಿವೆ. ಇನ್ನು ಕೆಲಸವೆಲ್ಲ ಕಂಬದಿಂದ ಕಂಬಕ್ಕೆ ಪಶ್ಚಿಮದತ್ತ ಸರಿಯುತ್ತದೆ. ಅಂದರೆ ವರ್ಷ ಕಳೆದಂತೆ ನಾನು ಅವಳಿಂದ ಇನ್ನಷ್ಟು ದೂರ.

"ನನ್ನ ಸುತ್ತಿಗೆ ಸದ್ದಾದ್ರೂ ಕೇಳುತ್ತೆ ಬಿಡು."

"ಇಷ್ಟು ಜನರ ಸುತ್ತಿಗೇಲಿ ನಿಂದ್ಯಾವುದು ಅಂತ ಹುಡುಕ್ಲಿ?"

ಕಲ್ಲಿಡುತ್ತಾ ಹೋದೆ. ಗೋಡೆ ಎದೆಮಟ್ಟಕ್ಕೆ ಬಂದಾಗ ಅವಳು ಸಂದಿಗೆ ಬೆರಳಿಟ್ಟು ಗಾರೆ ಉಜ್ಜಿ ನೋಡಿದಳು. ಇಗರ್ಜಿಯ ಇದೇ ಅಂಗಳದಲ್ಲಿ ಗಾರೆ ಕಲಸಿ ಬೆಳೆದವಳು.

"ಬರೀ ಮರಳು. ಸುಣ್ಣ ಎಲ್ಲಿ?"

ಸಿಕ್ಕಿಬಿದ್ದೆ. "ಒಣಗಿದ್ಮೇಲೂ ಒಂದು ಸಲ ಒದ್ರೆ ಬಿದ್ದೋಗುತ್ತೆ. ಯಾವತ್ತು ಬೇಕಾದ್ರೂ ಒದಿ. ಎಲ್ಲಾದ್ರೂ ಓಡಿಹೋಗೋಣ."

"ಬರೋದಾಗಿದ್ರೆ ಈಗ್ಲೇ ದಾಟಿ ಬರ್ತಿದ್ದೆ. ಕೊಟ್ಟ ಮಾತನ್ನ ದೇವರ ಹತ್ರ ವಾಪಸ್ ಕೇಳಕ್ಕಾಗುತ್ತಾ?"

"ಹಾಗಾದ್ರೆ ಹೀಗೇ ಇರ್ಲಿ ಬಿಡು. ಏನು ನಷ್ಟ?"

"ಬೀಳೋ ಗೋಡೆ ಅಂತ ಗೊತ್ತಿದ್ರೆ ದಿನಾ ಎದ್ದು ಒದೀಬೇಕು ಅನ್ಸುತ್ತೆ ರೆನೊ. ನಿನ್ ಮೇಲೆ ಅಷ್ಟು ಆಸೆ ಇದೆ ನಂಗೆ. ದಮ್ಮಯ್ಯ, ಗಟ್ಟಿಯಾಗಿ ಕಟ್ಟು."

ಅವಳು ಬಾಯಿಬಿಟ್ಟು ಆಸೆ ಎಂದದ್ದು ಅದೇ ಮೊದಲು. ಕೇಳಿ ನಾನು ಕುಣಿದಾಡಬೇಕಿತ್ತು.

ಕಟ್ಟಿದ್ದನ್ನೆಲ್ಲ ಕೆಡವಿದೆ. ಬಾಗಿಲು ಪೂರ್ತಿ ತೆರೆದುಕೊಂಡಿತು; ಅವಳು ಎದುರಿಗೇ ನಿಂತಿದ್ದಳು. ಹೊಸ್ತಿಲು ದಾಟಲಿಲ್ಲ. ನಾನೂ ಕೈ ಚಾಚಲಿಲ್ಲ. ಹೊಸದಾಗಿ ಸುಣ್ಣ ಸುರಿದು, "ಇನ್ನೊಂಚೂರು ನೀರು ಹಾಕು" ಎಂದು ಅವಳು ಹೇಳಿದಂತೆಯೇ ಹದವಾಗಿ ಕಲಸಿದೆ. ಕೊನೆಯ ಕಲ್ಲು ಕೂರುವವರೆಗೂ ಅವಳು ಅದೂ ಇದೂ ಮಾತಾಡುತ್ತಲೇ ಇದ್ದಳು.

ಅಷ್ಟು ಗಟ್ಟಿ ಗೋಡೆಯನ್ನು ನಾನು ಮತ್ತೆಲ್ಲೂ ಕಟ್ಟಲಿಲ್ಲ.