ಶುಭ ಶುಕ್ರವಾರದ ಚಹಾ

ಬೀದರಿನ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ಗ್ಲೋರಿಗೆ ಕೆವಿನ ಎದುರಾದ. ವಿಚ್ಛೇದನ ಕೇಳಿದ ಗಂಡ ಇವನೇ. ಆದರೂ ಅವನ ಅಂಗಿಯ ಕಾಲರು ಮಡಚಿಕೊಂಡಿದ್ದು ಕಂಡು ಸರಿಪಡಿಸಲು ಅವಳ ಕೈ ಮೇಲೆದ್ದಿತ್ತು! ಹಾಳು ಕೈ... ಅದಕ್ಕಿನ್ನೂ ಸುದ್ದಿ ತಲುಪಿಲ್ಲ.

“ನಿನ್ನ ವಕೀಲರು ಎಲ್ಲಿ?” ಅವನು ತಗ್ಗಿದ ದನಿಯಲ್ಲಿ ಕೇಳಿದ.

“ಯಾರೂ ಇಲ್ರಿ. ನನ್ನ ಮಾತು ನಾನೇ ಆಡ್ತೇನಿ.”

ನರ್ಸ್ ಕೆಲಸದ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದಳು. ತಾರೀಖಿನ ಮೇಲೆ ತಾರೀಖು ಬಿದ್ದು ಜಗಳವಾಡುವ ಕಸುವೂ ಉಳಿದಿರಲಿಲ್ಲ. ಮದುವೆ ಹೋದರೆ ಹೋಗಲಿ, ಅತ್ತೆಯ ಮೇಲೆ ಬಿಸಿ ಚಹಾ ಎರಚಿದವಳೆಂಬ ಹೆಸರು ಅಂಟದಿದ್ದರೆ ಸಾಕು... ಹಾಗಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಪಾಪ. ಅದನ್ನು ಅವಳ ಮನಸ್ಸೇ ನಂಬುತ್ತಿರಲಿಲ್ಲ!

ಸಾಕ್ಷಿ ಕಟ್ಟೆಯಲ್ಲಿ ಕೆವಿನನ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಎಡಿತ ನಿಂತಿದ್ದರು. ಹೋದ ವರ್ಷ ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ ಮಧ್ಯಾಹ್ನ, ಊರೆಲ್ಲ ಚರ್ಚಿನಲ್ಲಿದ್ದ ಹೊತ್ತಿನಲ್ಲಿ ತಾವು ಸಂತಪುರದ ಕೆವಿನನ ಮನೆಗೆ ಹೋಗಿದ್ದಾಗ, ಹಾಸಿಗೆ ಹಿಡಿದ ಅತ್ತೆಯ ಮೇಲೆ ಗ್ಲೋರಿ ಚಹಾ ಎರಚಿದ್ದನ್ನು ಕಣ್ಣಾರೆ ಕಂಡೆ ಎಂದು ಅವರು ಹೇಳಿಕೆ ಕೊಟ್ಟಿದ್ದರು. ಅತ್ತೆ ಈಗಿಲ್ಲ. ಅಲ್ಲವೆನ್ನುವವರು ಯಾರು?

“ಸುಳ್ಳು! ಪೂರಾ ಸುಳ್ಳು!” ಗ್ಲೋರಿ ಚೀರಿದಳು.

“ಕೂಗಬೇಡಿ ಅಮ್ಮ,” ಎಂದರು ನ್ಯಾಯಾಧೀಶರು. “ಸಾಕ್ಷಿಗೆ ಪ್ರಶ್ನೆ ಕೇಳಿ.”

ಏನು ಕೇಳಲಿ?... ಅವಳು ಕಣ್ಣು ಮುಚ್ಚಿದಳು. ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ತಣ್ಣಗಿದ್ದ ಒಲೆಯೂ ಬಂತು.

“ಕಾಕಿ, ಆ ಚಾ ಯಾರು ಮಾಡಿದ್ರು?”

“ನೀನೇ! ಕುದಿಯೋದು ಒಲಿ ಮ್ಯಾಲಿಂದ ಇಳಿಸಿದಿ. ನನಗೂ ಒಂದು ಕಪ್ ಕೊಟ್ಟಿ.”

“ನೀವು ಕುಡದ್ರಿ?”

“ಹೂಂ, ಕುಡದೆ.”

“ಶುಭ ಶುಕ್ರವಾರ... ಆರಾಧನಿ ಮುಗಿಯೋದ್ರೊಳಗ?”

ಎಡಿತರ ಮುಖ ಕಳೆಗುಂದಿತು. ಆ ದಿನ ಮಧ್ಯಾಹ್ನ ಮೂರಕ್ಕೆ ಚರ್ಚಿನ ಆರಾಧನೆ ಮುಗಿಯುವ ತನಕ ಆ ಮನೆತನದಲ್ಲಿ ಉಪವಾಸ, ಒಲೆಯನ್ನೇ ಹಚ್ಚುವುದಿಲ್ಲ. ಜ್ವರದಲ್ಲೂ ಅತ್ತೆ ಆ ಪಟ್ಟು ಬಿಟ್ಟವರಲ್ಲ. ಊರೆಲ್ಲ ಚರ್ಚಿನಲ್ಲಿರುತ್ತದೆ, ಎದುರು ಹೇಳುವವರಿರುವುದಿಲ್ಲ ಎಂದು ಆ ದಿನವನ್ನು ಆರಿಸಿದ ಕಾಕಿ, ಒಲೆಯನ್ನು ಮರೆತಿದ್ದರು!

“ದೇವರ ಮ್ಯಾಲ ಆಣಿ ಮಾಡೀರಿ ಕಾಕಿ,” ಗ್ಲೋರಿ ಮೆಲ್ಲಗೆ ಅಂದಳು.

ಎಡಿತ ಸೆರಗು ಬಾಯಿಗೆ ಒತ್ತಿಕೊಂಡರು. “ನಾ ಏನೂ ನೋಡಿಲ್ರಿ ಸಾಹೇಬ್ರ... ಅಕ್ಕ ಹೋದ ಮ್ಯಾಲ ಇಕಿ ಮನಿ ಕೀಲಿ ನನ್ನ ಕೈಗಿ ಕೊಡಲಿಲ್ಲ. ಆ ಸಿಟ್ಟಿಗಿ...”

ಕೆವಿನ ಎದ್ದು ನಿಂತಿದ್ದ. ತಾಯಿ ಸತ್ತ ದುಃಖದಲ್ಲಿ ಕಾಕಿ ಹೇಳಿದ್ದನ್ನು ನಂಬಿದ್ದ. ಯಾವ ದಿನ ಎಂದು ಕೂಡ ಕೇಳಿರಲಿಲ್ಲ. ವಕೀಲರು ಬರೆದಿದ್ದನ್ನು ಓದಿಯೂ ಇರಲಿಲ್ಲ.

“ಕೇಸು ವಾಪಸ್ ತಗೋತೇನಿರಿ,” ಅಂದ.

ಹೊರಗೆ ಬೇವಿನ ಮರದ ಕೆಳಗೆ ಅವನು ಅವಳನ್ನು ತಡೆದ.

“ಗ್ಲೋರಿ... ತಪ್ಪಾಯ್ತು.”

“ಕಾಕಿದು ಬಿಡ್ರಿ. ನೀವು ಒಮ್ಮಿಯಾದ್ರೂ ನನ್ನ ಕೇಳಬೇಕಿತ್ತು.”

“ಈಗ ಕೇಳ್ಲಾ? ಅವತ್ತು ಅವ್ವ... ಹ್ಯಾಂಗಿದ್ಳು?”

ಕೋರ್ಟಿನಲ್ಲಿ ಬಾರದ ಅಳು ಈಗ ಬಂತು. “ನನ್ನ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ರು. ಚರ್ಚಿನ್ಯಾಗ ನೀವು ಹಾಡೋದು ಮನಿ ತನಕ ಕೇಳತಿತ್ತು. ‘ಕೆವಿನನ ದನಿ ಮ್ಯಾಲ ಏರಿದ್ರ ಒಡೀತದ ನೋಡು’ ಅಂತ ನಕ್ಕರು.”

ಅವನು ನಗಲು ಹೋಗಿ ಅತ್ತುಬಿಟ್ಟ.

“ನನ್ನ ಮ್ಯಾಲ ಪ್ರೀತಿ... ಇನ್ನಾ ಅದ?”

“ಅದರಿ. ಅದಕ್ಕೇ ಇಷ್ಟು ದಣಿದೀನಿ.”

“ಮನಿಗಿ ಬರ್ತೀ?”

ಅವಳು ಅವನ ಕಾಲರು ಸರಿಪಡಿಸಿದಳು. “ಬಸ್ಸಿನ್ಯಾಗ ನಿಮ್ಮ ಹೆಗಲಿಗಿ ಒರಗಿ ಮಲಗ್ತೇನಿ. ಸಂತಪುರ ಬಂದಾಗ ಎಬ್ಬಸ್ರಿ.”

“ಎಬ್ಬಸ್ತೇನಿ... ನೀ ಮಲಕ್ಕೋ.”