ತೆಪ್ಪ ದಡ ಮುಟ್ಟುವತನಕ

“ತಂಗಿ, ತೆಪ್ಪ ದಡಾ ಮುಟ್ಟೂತನಾ ಈ ದೀಪಕ್ಕ ಬಾಯಿ ಹಚ್ಚಬ್ಯಾಡ,” ಎಂದಳು ಮುದಕವ್ವ.

ಹಿಡಕಲ್ ಹಿನ್ನೀರಿನ ಅಂಚಿಗೆ ಕರಿಕಲ್ಲಿನ ದೀಪದ ಕಂಬ. ಆಣೆಕಟ್ಟಿಗೂ ಮುಂಚೆ ಹೊಳೆ ದಾಟುವ ತೆಪ್ಪಗಳಿಗೆ ಅದರ ನೆತ್ತಿಯ ದೀಪವೇ ದಾರಿ. ಊರು ಮುಳುಗಿತು, ದಿಬ್ಬದ ಮೇಲಿನ ಕಂಬ ಉಳಿಯಿತು. ಹಿಂದೆ ಯಾರೋ ಬೇಕಂತಲೇ ದೀಪ ಆರಿಸಿ ಅಂಬಿಗನೊಬ್ಬನನ್ನು ಮುಳುಗಿಸಿದಾಗ, ಅವನ ಹೆಂಡತಿ ಕಂಬದ ಬುಡಕ್ಕೆ ತನ್ನ ಕೂದಲು, ಸೂಜಿ ಚುಚ್ಚಿದ ಲಿಂಬೆಹಣ್ಣು ಹೂತು ಮಾಟ ಮಾಡಿಸಿದ್ದಳಂತೆ: ಆರಿಸಿದವರ ದನಿ ನೀರಿನ ಪಾಲಾಗಲಿ.

“ಭಾಳ ಚಲೋ ಕತಿ ಐತಿ ಆಯಿ. ಇದನ್ನ ಕೇಳೇ ಮಂದಿ ಓಡಿ ಬರ್ತಾರ ನೋಡ್ರಿ,” ದೀಪಾಲಿ ನಕ್ಕಳು. ಪ್ರವಾಸಿಗರಿಗಾಗಿ ಕಂಬದ ವಿಡಿಯೊ ಮಾಡಲು ಗಂಡ ಸಮ್ಮೇದನೊಂದಿಗೆ ಮೂಡಲಗಿಯಿಂದ ಬಂದಿದ್ದಳು. ಸಮ್ಮೇದ ಕ್ಯಾಮೆರಾ ಹಿಡಿದು ತೆಪ್ಪದಲ್ಲಿ ನೀರಿನ ಮೇಲಿದ್ದ. ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವನು ಮುದಕವ್ವನ ಗಂಡ ಖಂಡೆಪ್ಪ ಮುತ್ಯಾ.

ಮುದಕವ್ವ ಎಣ್ಣೆ ತರಲು ಕಂಬದ ಮೆಟ್ಟಿಲಿಳಿದಳು. ತೆಪ್ಪದಿಂದ ಸಮ್ಮೇದನ ಫೋನು ಬಂತು.

“ದೀಪ ಕ್ಯಾಮೆರಾಕ್ಕ ಹೊಡ್ಯಾಕತ್ತೈತಿ. ಒಂದ್ ಮಿನಿಟ್ ಆರ್ಸು.”

ಮುದುಕಿ ನೋಡುವುದಿಲ್ಲವಲ್ಲ ಎಂದುಕೊಂಡಳು ದೀಪಾಲಿ. ಊದಿದಳು.

ಸುಟ್ಟ ಬತ್ತಿಯ ಹೊಗೆ ಬಾಯೊಳಗೇ ನುಗ್ಗಿತು. ಕೆಸರು, ಕೊಳೆತ ಲಿಂಬೆಯ ನಾತ. ಕೆಮ್ಮಿದಳು. ಸದ್ದಿಲ್ಲ.

ನಡುನೀರಿನ ಕತ್ತಲಿನಿಂದ ಅವಳದೇ ದನಿ ಕೂಗಿತು.

“ಮುತ್ಯಾ, ಈಕಡೆ ಬರ್ರಿ. ಇಲ್ಲಿ ಆಳ ಇಲ್ರಿ.”

ಹುಟ್ಟಿನ ಸದ್ದು ಅತ್ತ ತಿರುಗಿತು.

ಬೇಡ! ಕಿರುಚಿದಳು. ಬರೀ ಹೊಗೆ. ಕಡ್ಡಿಪೆಟ್ಟಿಗೆ ತಡಕಿದಳು. ಒಂದು ಕಡ್ಡಿ ಮುರಿಯಿತು. ಇನ್ನೊಂದು ಆರಿತು. ನೀರಲ್ಲಿ ಏನೋ ಮಗುಚಿತು. ದೀಪ ಹತ್ತಿತು.

ಆ ಬೆಳಕು ಹಿಡಿದು ಈಜಿ ಬಂದವನು ಸಮ್ಮೇದ ಒಬ್ಬನೇ.

“ನೀನ ಕರದಿ,” ಅವನ ಹಲ್ಲು ಕಟಕಟ ಎನ್ನುತ್ತಿತ್ತು. “ಮುತ್ಯಾ ನಿನ್ನ ಮಾತು ನಂಬಿ ತೆಪ್ಪ ತಿರುಗಿಸಿದ.”

ಎಣ್ಣೆಯ ಗಿಂಡಿ ಹಿಡಿದು ಮುದಕವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ಬೈದಿದ್ದರೆ ದೀಪಾಲಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಗಿಂಡಿಯನ್ನು ಅವಳ ಕೈಗಿಟ್ಟಳು.

“ನಮ್ಮವರು ಇನ್ನೂ ದಡಾ ಮುಟ್ಟಿಲ್ಲ, ತಂಗಿ. ದೀಪ ಕಾಯಿ.”

ದೀಪಾಲಿ ಇನ್ನೂ ಕಾಯುತ್ತಿದ್ದಾಳೆ. ಮಂದಿ ಓಡಿ ಬರುತ್ತಾರೆ. ಮುಸ್ಸಂಜೆ ನೀರೊಳಗಿಂದ ಹೆಣ್ಣುದನಿ ಕರೆದಾಗ ಚಪ್ಪಾಳೆ ತಟ್ಟುತ್ತಾರೆ.

“ಸ್ಪೀಕರ್ ಎಲ್ಲಿ ಇಟ್ಟಾರಲೇ?” ಎನ್ನುತ್ತ ಇವತ್ತು ಒಬ್ಬ ಚಪ್ಪಲಿ ಬಿಚ್ಚಿ ನೀರಿಗಿಳಿದ.

ಕಂಬದ ಮೇಲಿಂದ ದೀಪಾಲಿ ಬೇಡವೆಂದು ಎರಡೂ ಕೈ ಬೀಸಿದಳು. ಅವನೂ ನಕ್ಕು, ಕೈ ಬೀಸಿ, ಮುಂದಕ್ಕೆ ಹೋದ.